ಪಾಠಪಟ್ಟಿಯಿಂದ ಹೊರಗಾದುದು: ಮೈಸೂರಿನ ವಿದ್ಯಾರ್ಥಿಗಳ ಪ್ರತಿಭಟನೆಯ ಇತಿಹಾಸದಲ್ಲಿ ಒಂದು ವಿಚಾರ

ಒಂದು ಗ್ರಂಥವನ್ನು ಓದುವವರ ಕೈಗೆ ಸಿಕ್ಕದಂತೆ ಮಾಡಲು ಎರಡು ಮಾರ್ಗಗಳುಂಟು. ಸರ್ಕಾರದವರು ಆಜ್ಞೆಯನ್ನು ಹೊರಡಿಸಿ ಅದರ ಮುದ್ರಣವನ್ನೂ ಮಾರಾಟವನ್ನೂ ತಡೆಯುವುದು ಒಂದು. ಅಂಥ ಯಾವ ಆಜ್ಞೆಯೂ ಇಲ್ಲದೆ, ವಿದ್ಯಾರ್ಥಿಗಳು ಓದತಕ್ಕ ಪಾಠಗಳ ಪಟ್ಟಿಯಿಂದ ಅದರ ಹೆಸರನ್ನು ಬಿಟ್ಟುಬಿಡುವುದು ಇನ್ನೊಂದು. ಮೊದಲನೆಯದಕ್ಕೆ ಸರ್ಕಾರದ ಕಡತದಲ್ಲಿ ದಾಖಲೆ ಉಳಿಯುತ್ತದೆ. ಎದುರಿಸುವವನಿಗೆ ಒಂದು ಗುರಿಯೂ ದೊರೆಯುತ್ತದೆ. ಎರಡನೆಯದಕ್ಕೆ ಪರಿಷ್ಕರಣವೆಂದು ಹೆಸರು. ಪುಸ್ತಕದಂಗಡಿಯಲ್ಲಿ ಆ ಗ್ರಂಥವು ಯಥಾಪ್ರಕಾರ ದೊರೆಯುತ್ತಿರುವಾಗ ನಿಷೇಧವೆಲ್ಲಿ ಬಂತು ಎಂದು ಕೇಳುವವರ ಮಾತಿನಲ್ಲಿ ನ್ಯಾಯವಿಲ್ಲದೆ ಇಲ್ಲ. ಆದರೆ ಕನ್ನಡನಾಡಿನ ಎಷ್ಟೋ ಮನೆಗಳಲ್ಲಿ ಪಾಠಪುಸ್ತಕವೇ ಮೊದಲನೆಯ ಪುಸ್ತಕ. ಅನೇಕ ವೇಳೆ ಕಡೆಯದೂ ಅದೇ ಆಗಿರುವುದನ್ನು ಉಪಾಧ್ಯಾಯರೆಲ್ಲ ಬಲ್ಲರು. ಅಂಥ ಮನೆಯ ಬಾಲಕನ ಪಾಲಿಗೆ ಪಾಠದಿಂದ ಬಿಟ್ಟುಹೋದುದು ಸಾಹಿತ್ಯದಿಂದಲೇ ಬಿಟ್ಟುಹೋದಂತೆ.

ಮೊದಲನೆಯ ಮಾರ್ಗವನ್ನು ಮೈಸೂರು ನಗರವು ಬಹಳ ಹಿಂದೆಯೇ ಕಂಡಿದೆ. ದಿವಾನ್ ವಿ. ಪಿ. ಮಾಧವರಾಯರ ಅಧಿಕಾರಾವಧಿಯಲ್ಲಿ, 1908ರಲ್ಲಿ, ವೃತ್ತಪತ್ರಿಕೆಗಳ ರೆಗ್ಯುಲೇಷನ್ನು ಸಂಸ್ಥಾನದಲ್ಲಿ ಜಾರಿಗೆ ಬಂದಿತು. ಪತ್ರಿಕೆಯನ್ನು ನಡೆಸುವುದಕ್ಕೆ ಸರ್ಕಾರದ ಅನುಮತಿ ಬೇಕು. ಕೊಟ್ಟ ಅನುಮತಿಯನ್ನು ಹಿಂದಕ್ಕೆ ತೆಗೆದುಕೊಳ್ಳುವ ಅಧಿಕಾರವೂ ಸರ್ಕಾರದ್ದೇ. ಮರಿಮಲ್ಲಪ್ಪ ಹೈಸ್ಕೂಲಿನ ಮುಖ್ಯೋಪಾಧ್ಯಾಯರೆಂದು ಹೆಸರಾಗಿದ್ದ, ಊರವರೆಲ್ಲರಿಂದ ‘ತಾತಯ್ಯ’ ಎನ್ನಿಸಿಕೊಂಡಿದ್ದ ಎಂ. ವೆಂಕಟಕೃಷ್ಣಯ್ಯನವರು ಈ ಕಟ್ಟಳೆಗೆ ತಲೆಬಾಗಿ ‘ವೃತ್ತಾಂತ ಚಿಂತಾಮಣಿ’ಯನ್ನು ನಡೆಸುವುದಕ್ಕಿಂತ ಅದನ್ನು ನಿಲ್ಲಿಸುವುದೇ ಲೇಸೆಂದು ಬಗೆದರು. ಪತ್ರಿಕೆಯನ್ನು ನಿಲ್ಲಿಸಿದ ಸಂಪಾದಕನೂ ಹುಡುಗರಿಗೆ ಪಾಠ ಹೇಳುವ ಮೇಷ್ಟರೂ ಒಬ್ಬರೇ ಆಗಿದ್ದುದು ಇಲ್ಲಿ ಗಮನಾರ್ಹವಾದ ಸಂಗತಿ. ತಾನು ಬರೆದುದು ತಪ್ಪು ಷರತ್ತಿನ ಮೇಲೆ ಪ್ರಕಟವಾಗುವುದಾದರೆ ಪ್ರಕಟವಾಗದಿರುವುದೇ ಮೇಲು ಎಂಬ ಈ ನಿಲುವು, ನೂರಕ್ಕೂ ಹೆಚ್ಚು ವರ್ಷಗಳ ತರುವಾಯ, ಅದೇ ಊರಿನಲ್ಲಿ ಇನ್ನೊಬ್ಬ ಲೇಖಕರಿಂದ ಮತ್ತೆ ಪ್ರಕಟವಾಗತಕ್ಕದ್ದಿತ್ತು.

ಈ ಕಾಲದಲ್ಲೆಲ್ಲ ವಿದ್ಯಾರ್ಥಿಯು ಕೇಳುವವನೇ ಹೊರತು ಹೇಳುವವನಲ್ಲ. ಅವನು ಬೀದಿಗಿಳಿದು ತನ್ನ ಮಾತನ್ನಾಡಲು ಕಲಿತುದು ರಾಷ್ಟ್ರೀಯ ಚಳವಳಿಯಲ್ಲಿ. 1947ರ ಸೆಪ್ಟೆಂಬರಿನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ‘ಮೈಸೂರು ಚಲೋ’ ನಡೆದಾಗ ರಾಮಸ್ವಾಮಿಯೆಂಬ ವಿದ್ಯಾರ್ಥಿಯು ಮೈಸೂರಿನಲ್ಲಿ ಗುಂಡಿಗೆ ಬಲಿಯಾದನು; ಅವನ ಹೆಸರು ನಗರದ ಒಂದು ವೃತ್ತಕ್ಕೆ ಇಂದಿಗೂ ನಿಂತಿದೆ. ಆದರೆ ಆ ಹೋರಾಟದ ವಿಷಯ ರಾಜ್ಯಾಧಿಕಾರ. ಓದತಕ್ಕುದು ಯಾವುದು, ಓದಲು ತಕ್ಕುದಲ್ಲದುದು ಯಾವುದು ಎಂಬುದನ್ನು ನಿರ್ಣಯಿಸುವ ಹಕ್ಕು ಯಾರದು ಎಂಬ ಪ್ರಶ್ನೆಯನ್ನು ಮೈಸೂರಿನ ವಿದ್ಯಾರ್ಥಿಗಳು ಬೀದಿಗೆ ತಂದುದು 1973ರಲ್ಲಿ. ತಂದವರು ಒಂದೇ ಪಕ್ಷದವರಲ್ಲವೆಂಬುದೇ ಆ ಪ್ರಕರಣವನ್ನು ವಿಚಾರಾರ್ಹವನ್ನಾಗಿ ಮಾಡಿದೆ.

ಆ ವರ್ಷದ ನವೆಂಬರ್ 1ರಂದು ‘ಮೈಸೂರು ರಾಜ್ಯ’ವೆಂಬ ಹೆಸರು ಹೋಗಿ ‘ಕರ್ನಾಟಕ’ವೆಂಬ ಹೆಸರು ಬಂದಿತ್ತು. ಏಕೀಕರಣದಿಂದ ಹದಿನೇಳು ವರ್ಷ ಕಾದು ಪಡೆದ ಹೆಸರು. ಅದರ ಸಂಭ್ರಮ ಇನ್ನೂ ಆರಿರಲಿಲ್ಲ. ನವೆಂಬರ್ 19ರಂದು, ದೇವರಾಜ ಅರಸರ ಮಂತ್ರಿಮಂಡಲದಲ್ಲಿ ಪೌರಾಡಳಿತದ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನ ಒಂದು ಸಭೆಯಲ್ಲಿ ಮಾತನಾಡುತ್ತ, ಕನ್ನಡ ಸಾಹಿತ್ಯದಲ್ಲಿ ಬಹುಭಾಗವು ಬೂಸಾ ಎಂಬರ್ಥದ ಮಾತನ್ನಾಡಿದರು. ಜ್ಞಾನವನ್ನು ಪಡೆಯಬೇಕಾದರೆ ಇಂಗ್ಲಿಷನ್ನು ಕಲಿಯಬೇಕೆಂದೂ ಹೇಳಿದರು. ಬೂಸಾ ಎಂದರೆ ದನಕ್ಕೆ ಇಡುವ ತೌಡು ಹೊಟ್ಟು. ಮಾತು ಒರಟಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದನ್ನು ಆಡಿದವರು ಯಾರೆಂಬುದೂ ಅಷ್ಟೇ ಮುಖ್ಯ. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಿದ ಸಚಿವರು ಅವರು. ಸಾವಿರ ವರ್ಷದ ಸಾಹಿತ್ಯದಲ್ಲಿ ಆ ಹೊರೆಯನ್ನು ಹೊತ್ತವನ ಮಾತು ಎಲ್ಲಿದೆ ಎಂದು ಅವರು ಕೇಳಿದ್ದರೆ ಪ್ರಾಯಶಃ ಯಾರೂ ಸಿಟ್ಟಾಗುತ್ತಿರಲಿಲ್ಲ. ಯಾರೂ ಲಕ್ಷ್ಯವಿಡುತ್ತಲೂ ಇರಲಿಲ್ಲ.

ಮುಂದಿನ ಕೆಲವು ವಾರಗಳಲ್ಲಿ ನಡೆದುದನ್ನು ಕನ್ನಡ ಸಾಹಿತ್ಯದ ಚರಿತ್ರೆಯಲ್ಲಿ ‘ಬೂಸಾ ಪ್ರಕರಣ’ವೆಂದೇ ಕರೆಯುವ ರೂಢಿ. ಕಾಲೇಜುಗಳ ವಿದ್ಯಾರ್ಥಿಗಳು, ಅವರಲ್ಲಿ ಬಹುಪಾಲು ಮೇಲುಜಾತಿಗಳಿಂದ ಬಂದವರು, ಸಚಿವರು ರಾಜೀನಾಮೆ ಕೊಡಬೇಕೆಂದು ಮೆರವಣಿಗೆ ತೆಗೆದರು. ದಲಿತ ವಿದ್ಯಾರ್ಥಿಗಳು ಸಚಿವರ ಪರವಾಗಿ ಎದುರು ಮೆರವಣಿಗೆ ತೆಗೆದರು. ಮೈಸೂರಿನಲ್ಲಿಯೂ ಬೆಂಗಳೂರಿನಲ್ಲಿಯೂ ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದುವು. ಡಿಸೆಂಬರಿನಲ್ಲಿ ಬಸವಲಿಂಗಪ್ಪನವರು ಸಚಿವಪದವನ್ನು ಬಿಡಬೇಕಾಯಿತು. ಆಗ ಬೆಂಗಳೂರಿನಲ್ಲಿ ವಿದ್ಯಾರ್ಥಿಯಾಗಿದ್ದ ಸಿದ್ಧಲಿಂಗಯ್ಯನವರು ಆ ದಿನಗಳ ಅನುಭವವನ್ನು ತಮ್ಮ ಆತ್ಮಕಥನ ‘ಊರು ಕೇರಿ’ಯಲ್ಲಿ ದಾಖಲಿಸಿದ್ದಾರೆ.

ಮೇಲುನೋಟಕ್ಕೆ ಎರಡು ಗುಂಪಿನವರೂ ಸಾಹಿತ್ಯದ ಹೆಸರಿನಲ್ಲಿ ಕೂಗಿದವರೇ. ಇತಿಹಾಸಕಾರನಾದರೋ ಕೂಗಿನ ಗಟ್ಟಿತನವನ್ನು ಬಿಟ್ಟು ಬೇಡಿಕೆಯ ಸ್ವರೂಪವನ್ನು ನೋಡಬೇಕಾಗುತ್ತದೆ. ಒಂದು ಗುಂಪು ಕೇಳಿದುದು, ಒಂದು ಅಭಿಪ್ರಾಯವನ್ನು ಹೇಳಿದವನು ಅಧಿಕಾರದಲ್ಲಿ ಇರಕೂಡದೆಂದು. ಅವರ ನೋವು ನಿಜವಾದುದೇ. ಭಾಷೆಯ ಮೇಲಣ ಪ್ರೀತಿಯೂ ಸುಳ್ಳಲ್ಲ. ಆದರೂ ವಿಮರ್ಶೆಗೆ ವಿಮರ್ಶೆಯಿಂದ ಉತ್ತರ ಕೊಡುವ ಬದಲು ದಂಡನೆಯನ್ನು ಬೇಡಿದುದರಿಂದ ಅವರು ತಾವು ಕಾಯಲು ಹೊರಟ ಸಾಹಿತ್ಯಕ್ಕೆ ಯಾವ ಗೌರವವನ್ನೂ ಹೆಚ್ಚಿಸಲಿಲ್ಲ. ಎರಡನೆಯ ಗುಂಪು ಕೇಳಿದುದು ಬೇರೆ. ಸಚಿವರ ಮಾತನ್ನು ಅಕ್ಷರಶಃ ಹಿಡಿದಿದ್ದರೆ ಹಳೆಯ ಕಾವ್ಯಗಳನ್ನು ಪಾಠದ ಪಟ್ಟಿಯಿಂದ ತೆಗೆಯಿರಿ ಎಂದು ಆ ವಿದ್ಯಾರ್ಥಿಗಳು ಕೇಳಬೇಕಾಗಿತ್ತು. ಅದು ಅವರ ಚಳವಳಿಯ ಬೇಡಿಕೆಯಾಗಲಿಲ್ಲ. ಪಟ್ಟಿಯಲ್ಲಿ ಇಲ್ಲದುದನ್ನು ಬರೆಯಲು ಅವರು ಹೊರಟರು. ಒಂದೆರಡು ವರ್ಷಗಳೊಳಗೆ, ಭದ್ರಾವತಿಯ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರಾಗಿದ್ದ ಬಿ. ಕೃಷ್ಣಪ್ಪನವರ ಮುಂದಾಳುತನದಲ್ಲಿ ದಲಿತ ಸಂಘರ್ಷ ಸಮಿತಿಯು ರೂಪುಗೊಂಡಿತು. ಮೈಸೂರಿನ ದಲಿತ ತರುಣರು ‘ಪಂಚಮ’ ಪತ್ರಿಕೆಯನ್ನು ನಡೆಸಿದರು. 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಹೊರಬಂದಿತು. ನಂಜನಗೂಡು ತಾಲ್ಲೂಕಿನ ದೇವನೂರಿನಿಂದ ಬಂದು ಮೈಸೂರಿನಲ್ಲಿ ನೆಲಸಿದ ದೇವನೂರ ಮಹಾದೇವ ಅವರ ‘ದ್ಯಾವನೂರು’ ಕಥಾಸಂಗ್ರಹವು 1973ರದೇ. ಅವರ ‘ಒಡಲಾಳ’ವು ಮುಂದೆ ಕಾಲೇಜುಗಳ ಪಾಠಪುಸ್ತಕವಾಯಿತು, ‘ಕುಸುಮಬಾಲೆ’ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂದಿತು.

ಆ 1973ನೆಯ ಇಸವಿಯಲ್ಲಿ ಮೈಸೂರಿನಲ್ಲಿ ನಡೆದ ಇನ್ನೊಂದು ಕಾರ್ಯವು ಈ ಗದ್ದಲದಲ್ಲಿ ಯಾರ ಕಣ್ಣಿಗೂ ಬಿದ್ದಂತೆ ತೋರುವುದಿಲ್ಲ. ರಾಮೇಗೌಡ, ಪಿ. ಕೆ. ರಾಜಶೇಖರ, ಎಸ್. ಬಸವಯ್ಯ ಈ ಮೂವರು ಸಂಪಾದಿಸಿದ ‘ಜಾನಪದ ರಾಮಾಯಣ’ವು ಆ ವರ್ಷ ಅಚ್ಚಾಯಿತು. ಅಸ್ಪೃಶ್ಯನೆನಿಸಿಕೊಂಡ ಗಾಯಕನೊಬ್ಬನು ಹಾಡಿದ ಕಥೆಯೊಂದು ಅದರಲ್ಲಿ ಉಂಟು. ಮಕ್ಕಳಿಲ್ಲದ ರಾವುಳನಿಗೆ ಜೋಗಿಯೊಬ್ಬನು ಮಾವಿನ ಹಣ್ಣನ್ನು ಕೊಡುತ್ತಾನೆ. ರಾವುಳನು ತಿರುಳನ್ನು ತಾನು ತಿಂದು ಓಟೆಯನ್ನು ಹೆಂಡತಿಗೆ ಕೊಡುತ್ತಾನೆ. ಆದ ಕಾರಣ ಗರ್ಭವು ಅವನಿಗೇ ನಿಲ್ಲುತ್ತದೆ. ದಿನವೊಂದು ತಿಂಗಳಾಗಿ ಬೆಳೆದು, ಒಂಬತ್ತನೆಯ ದಿನ ಅವನು ಸೀತಾಗ ಹುಟ್ಟಿದ ಮಗುವೇ ಸೀತೆ. ಸೀನುವುದಕ್ಕೂ ಸೀತೆಯ ಹೆಸರಿಗೂ ಗಂಟುಹಾಕಿದ ಈ ಚಮತ್ಕಾರವು ಕನ್ನಡದಲ್ಲಲ್ಲದೆ ಬೇರೆ ಭಾಷೆಯಲ್ಲಿ ಸಾಧ್ಯವಿಲ್ಲ. ಕನ್ನಡ ಸಾಹಿತ್ಯದಲ್ಲಿ ದಲಿತನ ದನಿಯೆಲ್ಲಿ ಎಂದು ಬೀದಿಯಲ್ಲಿ ಜಗಳವಾಗುತ್ತಿದ್ದ ವರ್ಷದಲ್ಲಿಯೇ, ಅದೇ ಊರಿನ ಅಚ್ಚಿನಮನೆಯಿಂದ ಆ ದನಿಯು ರಾಮಾಯಣದ ರೂಪದಲ್ಲಿ ಹೊರಬಂದಿತ್ತು.

ಆ ಕಥೆಯನ್ನು ಹೊರಲೋಕಕ್ಕೆ ಮುಟ್ಟಿಸಿದವರೂ ಮೈಸೂರಿನವರೇ. ಎ. ಕೆ. ರಾಮಾನುಜನ್ನರು 1929ರಲ್ಲಿ ಮೈಸೂರಿನಲ್ಲಿ ಜನಿಸಿ, ತಾತಯ್ಯನವರ ಮರಿಮಲ್ಲಪ್ಪ ಹೈಸ್ಕೂಲಿನಲ್ಲಿಯೂ ಮಹಾರಾಜಾ ಕಾಲೇಜಿನಲ್ಲಿಯೂ ಓದಿ, ಮುಂದೆ ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದವರು. ‘ಮುನ್ನೂರು ರಾಮಾಯಣಗಳು’ ಎಂಬರ್ಥದ ಶೀರ್ಷಿಕೆಯ ಅವರ ಇಂಗ್ಲಿಷ್ ಪ್ರಬಂಧವು 1991ರಲ್ಲಿ ಪೌಲಾ ರಿಚ್‌ಮನ್ ಸಂಪಾದಿಸಿದ ಸಂಪುಟದಲ್ಲಿ ಅಚ್ಚಾಗಿ ಪ್ರಸಿದ್ಧವಾಯಿತು. ವಾಲ್ಮೀಕಿ, ಕಂಬ, ಜೈನ ಕವಿಗಳು, ಆಗ್ನೇಯ ಏಷ್ಯದ ಕಥನಗಳು ಇವುಗಳ ಪಂಕ್ತಿಯಲ್ಲಿ ರಾವುಳನ ಸೀನಿನ ಕಥೆಯೂ ಸಮಾನ ಸ್ಥಾನದಲ್ಲಿ ಕುಳಿತುದು ಅದರಲ್ಲಿಯೇ. ದೆಹಲಿ ವಿಶ್ವವಿದ್ಯಾನಿಲಯವು ಈ ಪ್ರಬಂಧವನ್ನು ಬಿ. ಎ. ಆನರ್ಸ್ ಇತಿಹಾಸದ ವಿದ್ಯಾರ್ಥಿಗಳಿಗೆ ಓದಲು ಇಟ್ಟಿತ್ತು. 2008ರ ಫೆಬ್ರವರಿಯಲ್ಲಿ ಅಖಿಲ ಭಾರತೀಯ ವಿದ್ಯಾರ್ಥಿ ಪರಿಷತ್ತಿನ ಕಾರ್ಯಕರ್ತರು ಪ್ರಬಂಧವು ಧರ್ಮಭಾವನೆಗೆ ನೋವನ್ನುಂಟುಮಾಡುತ್ತದೆಂದು ಆಕ್ಷೇಪಿಸಿ ಇತಿಹಾಸ ವಿಭಾಗಕ್ಕೆ ನುಗ್ಗಿ ಧಾಂಧಲೆ ಮಾಡಿದರು. ವಿಷಯವು ನ್ಯಾಯಸ್ಥಾನವನ್ನು ಮುಟ್ಟಿತು. ನಾಲ್ವರು ತಜ್ಞರ ಸಮಿತಿಯ ಮುಂದೆಯೂ ಬಂದಿತು. ನಾಲ್ವರಲ್ಲಿ ಮೂವರು ಪ್ರಬಂಧವನ್ನು ತೆಗೆಯಲು ಕಾರಣವಿಲ್ಲವೆಂದರೂ 2011ರ ಅಕ್ಟೋಬರಿನಲ್ಲಿ ವಿಶ್ವವಿದ್ಯಾನಿಲಯದ ವಿದ್ವತ್ ಪರಿಷತ್ತು ಅದನ್ನು ಕೈಬಿಟ್ಟಿತು. ಅದೇ ತಿಂಗಳು ವಿದ್ಯಾರ್ಥಿಗಳೂ ಅಧ್ಯಾಪಕರೂ ಕೂಡಿ ಇದನ್ನು ವಿರೋಧಿಸಿ ಮೆರವಣಿಗೆ ನಡೆಸಿದರು. ಪ್ರಬಂಧಕಾರರು ತೀರಿಕೊಂಡು ಆಗ ಹದಿನೆಂಟು ವರ್ಷಗಳಾಗಿದ್ದುವು.

ಇಲ್ಲಿಯೂ ವಿದ್ಯಾರ್ಥಿಗಳು ಎರಡೂ ಕಡೆ ಇದ್ದುದನ್ನು ಮರೆಯಕೂಡದು. ಪಾಠವನ್ನು ತೆಗೆಯಿಸುವುದಕ್ಕೆ ಮೊದಲು ಕೈಯೆತ್ತಿದವರು ಸರ್ಕಾರದವರಲ್ಲ, ವಿದ್ಯಾರ್ಥಿಗಳೇ. ವಿದ್ಯಾರ್ಥಿಯೆಂದೊಡನೆ ಸ್ವಾತಂತ್ರ್ಯದ ಪಕ್ಷಪಾತಿಯೆಂದು ಭಾವಿಸುವ ವಾಡಿಕೆಗೆ ಈ ಪ್ರಕರಣಗಳು ಆಸರೆ ಕೊಡುವುದಿಲ್ಲ. ಒಂದು ಪಕ್ಷದವರು ತಮ್ಮ ಸಹಪಾಠಿಗಳೂ ಓದಬಾರದೆಂದು ಕೇಳಿದರು. ಇನ್ನೊಂದು ಪಕ್ಷದವರು ಓದಬೇಕೆನ್ನುವವರಿಗೆ ಓದಲು ಬಿಡಿರೆಂದು ಕೇಳಿದರು. ಬೀದಿಯಲ್ಲಿ ಎರಡು ಮೆರವಣಿಗೆಗಳೂ ಒಂದೇ ತೆರನಾಗಿ ಕಾಣುವುದುಂಟು.

ಪಾಠದ ಪಟ್ಟಿಯನ್ನು ಕುರಿತ ವ್ಯಾಜ್ಯದಲ್ಲಿ ವಿದ್ಯಾರ್ಥಿಗೆ ಬೀದಿಯೇ ಗತಿಯಾಗುವುದಕ್ಕೂ ಕಾರಣವಿದೆ. ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಐಲೆಂಡ್ ಟ್ರೀಸ್ ಎಂಬಲ್ಲಿ 1976ರಲ್ಲಿ ಶಾಲಾಮಂಡಲಿಯು ಶಾಲೆಯ ಪುಸ್ತಕಭಂಡಾರದಿಂದ ಕೆಲವು ಗ್ರಂಥಗಳನ್ನು ತೆಗೆಸಿತು. ಸ್ಟೀವನ್ ಪೀಕೋ ಎಂಬ ವಿದ್ಯಾರ್ಥಿಯೂ ಅವನ ಜೊತೆಯವರೂ ದಾವಾ ಹೂಡಿದರು. 1982ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ವಿದ್ಯಾರ್ಥಿಗಳ ಪರವಾಗಿ ನಿಂತಿತಾದರೂ ನ್ಯಾಯಾಧೀಶರಲ್ಲಿ ಏಕಾಭಿಪ್ರಾಯವಿರಲಿಲ್ಲ. ಗ್ರಂಥದಲ್ಲಿರುವ ವಿಚಾರವು ತಮಗೆ ಹಿಡಿಸದೆಂಬ ಕಾರಣದಿಂದ ಮಾತ್ರ ಅದನ್ನು ಪುಸ್ತಕಭಂಡಾರದಿಂದ ತೆಗೆಯಕೂಡದೆಂದು ಮುಖ್ಯ ಅಭಿಪ್ರಾಯವನ್ನು ಬರೆದವರು, ತಮ್ಮ ಮಾತು ಪುಸ್ತಕಭಂಡಾರಕ್ಕೆ ಸಂಬಂಧಿಸಿದುದು, ತರಗತಿಯ ಪಾಠಕ್ಕಲ್ಲ ಎಂದು ಎಚ್ಚರಿಕೆಯಿಂದ ಗೆರೆ ಎಳೆದರು. ಪುಸ್ತಕಭಂಡಾರದಲ್ಲಿ ವಿದ್ಯಾರ್ಥಿಯು ತಾನಾಗಿ ಆರಿಸಿಕೊಳ್ಳುತ್ತಾನೆ. ತರಗತಿಯಲ್ಲಿ ಅವನಿಗಾಗಿ ಇನ್ನೊಬ್ಬರು ಆರಿಸುತ್ತಾರೆ. ಎಲ್ಲವನ್ನೂ ಪಾಠ ಮಾಡಲಾಗದೆಂಬುದು ನಿಜ, ಆರಿಸುವವನು ಬಿಡಲೇಬೇಕು. ಆದುದರಿಂದ ಬಿಟ್ಟುದು ಆಯ್ಕೆಯೋ ನಿಷೇಧವೋ ಎಂಬುದು ಪ್ರತಿಯೊಂದು ಸಂದರ್ಭದಲ್ಲಿಯೂ ಬಿಟ್ಟ ರೀತಿಯಿಂದಲೂ ಕಾರಣವನ್ನು ಹೇಳಿದ ಬಗೆಯಿಂದಲೂ ತಿಳಿಯಬೇಕಾಗುತ್ತದೆ.

ಇದೇ ಪ್ರಶ್ನೆಯು 2022ರಲ್ಲಿ ಕರ್ನಾಟಕದ ಹತ್ತನೆಯ ತರಗತಿಯ ಕನ್ನಡ ಪಾಠಪುಸ್ತಕದಲ್ಲಿ ಎದ್ದಿತು. ಬರಗೂರು ರಾಮಚಂದ್ರಪ್ಪನವರ ಸಮಿತಿಯು ಹಿಂದೆ ಸಿದ್ಧಪಡಿಸಿದ್ದ ಪುಸ್ತಕಗಳನ್ನು ರೋಹಿತ್ ಚಕ್ರತೀರ್ಥರ ಅಧ್ಯಕ್ಷತೆಯ ಸಮಿತಿಯು ಪರಿಷ್ಕರಿಸಿತು. ಪಿ. ಲಂಕೇಶರ ‘ಮೃಗ ಮತ್ತು ಸುಂದರಿ’, ಸಾರಾ ಅಬೂಬಕ್ಕರರ ‘ಯುದ್ಧ’, ಎ. ಎನ್. ಮೂರ್ತಿರಾಯರ ‘ವ್ಯಾಘ್ರಗೀತೆ’, ಶಿವಕೋಟ್ಯಾಚಾರ್ಯನ ‘ಸುಕುಮಾರಸ್ವಾಮಿಯ ಕಥೆ’ ಇವು ಹೊರಗಾದುವೆಂದೂ, ಕೆ. ಬಿ. ಹೆಡಗೇವಾರರ ಭಾಷಣವೂ ಚಕ್ರವರ್ತಿ ಸೂಲಿಬೆಲೆಯವರ ಲೇಖನವೂ ಒಳಗೆ ಬಂದುವೆಂದೂ ಆ ವರ್ಷದ ಮೇ ತಿಂಗಳಲ್ಲಿ ಪತ್ರಿಕೆಗಳು ವರದಿ ಮಾಡಿದುವು. ವಡ್ಡಾರಾಧನೆಯ ಕಥೆಯು ಈ ಪಟ್ಟಿಯಲ್ಲಿ ಇರುವುದನ್ನು ನೋಡಿದರೆ, ಬಿಟ್ಟುದಕ್ಕೆಲ್ಲ ಒಂದೇ ರಾಜಕೀಯ ಕಾರಣವನ್ನು ಆರೋಪಿಸುವುದು ಅವಸರದ ತೀರ್ಮಾನವೆಂದು ತೋರುತ್ತದೆ. ಹಳಗನ್ನಡದ ಮೇಲೆ ಯಾರಿಗೆ ದ್ವೇಷ? ಆದರೆ ಬಂದುದನ್ನೂ ಹೋದುದನ್ನೂ ಒಟ್ಟಿಗೆ ಇಟ್ಟು ನೋಡಿದವರಿಗೆ ಪರಿಷ್ಕರಣದ ಒಲವು ಎತ್ತ ಎಂಬುದರಲ್ಲಿ ಸಂಶಯ ಉಳಿಯಲಿಲ್ಲ.

ಪುಸ್ತಕದಲ್ಲಿ ಉಳಿದುಕೊಂಡ ಪಾಠಗಳಲ್ಲಿ ದೇವನೂರ ಮಹಾದೇವ ಅವರ ‘ಎದೆಗೆ ಬಿದ್ದ ಅಕ್ಷರ’ವೂ ಒಂದು. ಮೇ ತಿಂಗಳಲ್ಲಿಯೇ ಅವರು ಮೈಸೂರಿನಿಂದ ಪತ್ರ ಬರೆದು ತಮ್ಮ ಪಾಠಕ್ಕೆ ಕೊಟ್ಟಿದ್ದ ಅನುಮತಿಯನ್ನು ಹಿಂದಕ್ಕೆ ಪಡೆದರು. ಜಿ. ರಾಮಕೃಷ್ಣ, ಮೂಡ್ನಾಕೂಡು ಚಿನ್ನಸ್ವಾಮಿ, ರೂಪ ಹಾಸನ ಮೊದಲಾದವರು ಅದನ್ನು ಅನುಸರಿಸಿದರು. ಹಂ. ಪ. ನಾಗರಾಜಯ್ಯನವರು ಕುವೆಂಪು ಪ್ರತಿಷ್ಠಾನದ ಅಧ್ಯಕ್ಷತೆಯನ್ನು ಬಿಟ್ಟರು. 1908ರ ತಾತಯ್ಯನವರ ನಡೆಯನ್ನು ಬಲ್ಲವರಿಗೆ ದೇವನೂರರ ನಡೆ ಹೊಸದೆನಿಸಲಾರದು. ಆದರೂ ಇದರಲ್ಲಿ ಒಂದು ತೊಡಕು ಉಂಟು. ತಾತಯ್ಯನವರ ಓದುಗರು ಪತ್ರಿಕೆಯನ್ನು ಕೊಂಡು ಓದುವ ವಯಸ್ಕರು. ದೇವನೂರರ ಓದುಗರು ಹದಿನೈದು ವರ್ಷದ ಮಕ್ಕಳು. ಊರಿನವರೆಲ್ಲರಿಗೂ ಮನೆಯಾಗುವ ತನಕ ತನಗೆ ಗುಡಿಯ ಸೂರು ಬೇಡವೆಂದು ಕುಳಿತ ಮನೆಮಂಚಮ್ಮನ ಕಥೆಯು ಆ ಪಾಠದಲ್ಲಿದೆ. ಅದನ್ನು ಹೇಳಿಕೊಟ್ಟ ಕನ್ನಡ ಉಪಾಧ್ಯಾಯರಿಗೆ ತರಗತಿಯಲ್ಲಿ ಅದರ ಪರಿಣಾಮ ಗೊತ್ತು. ಸೂರಿಲ್ಲದ ಮನೆಯಿಂದ ಬಂದ ಬಾಲಕನಿಗೆ ಅದು ತನ್ನ ಕಥೆ. ಲೇಖಕರು ಪ್ರತಿಭಟನೆಗಾಗಿ ಕೈಗೊಂಡ ತ್ಯಾಗದ ವೆಚ್ಚದಲ್ಲಿ ಒಂದು ಪಾಲನ್ನು ಆ ಬಾಲಕನು ತೆರಬೇಕಾಯಿತು. ಬೇರೆ ಯಾವ ಅಸ್ತ್ರವೂ ಲೇಖಕನ ಕೈಯಲ್ಲಿ ಇರಲಿಲ್ಲವೆಂಬುದೂ ಅಷ್ಟೇ ನಿಜ.

ವಿದ್ಯಾರ್ಥಿ ಸಂಘಟನೆಗಳು ಮೈಸೂರು, ಬೆಂಗಳೂರು ಮುಂತಾದ ಊರುಗಳಲ್ಲಿ ಪ್ರತಿಭಟನೆ ನಡೆಸಿದುವು. ಜೂನ್ 1ರಂದು ಎನ್. ಎಸ್. ಯು. ಐ. ಕಾರ್ಯಕರ್ತರು ತಿಪಟೂರಿನಲ್ಲಿ ಶಿಕ್ಷಣ ಸಚಿವ ಬಿ. ಸಿ. ನಾಗೇಶರ ಮನೆಯ ಮುಂದೆ ಖಾಕಿ ಚಡ್ಡಿಯನ್ನು ಸುಟ್ಟು ಬಂಧನಕ್ಕೊಳಗಾದರು. ಪಾಠದ ವಿಷಯವಾಗಿ ಆರಂಭವಾದ ವಾದವು ಬಟ್ಟೆಯ ವಿಷಯಕ್ಕೆ ತಿರುಗಿದುದರಿಂದ ಪ್ರಯೋಜನವಾದುದು ಯಾರಿಗೆಂದು ಹೇಳಬೇಕಾದುದಿಲ್ಲ. ಕೆಲವು ದಿನ ಲಂಕೇಶರನ್ನೂ ಸಾರಾ ಅಬೂಬಕ್ಕರರನ್ನೂ ಯಾರೂ ನೆನೆಯಲಿಲ್ಲ. ಜೂನ್ 3ರಂದು ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಸಮಿತಿಯನ್ನು ವಿಸರ್ಜಿಸಿದರು. 18ರಂದು ಬೆಂಗಳೂರಿನಲ್ಲಿ ಸಾಹಿತಿಗಳೂ ವಿದ್ಯಾರ್ಥಿಗಳೂ ಬೇರೆ ಬೇರೆ ಪಕ್ಷದವರೂ ಕೂಡಿದ ದೊಡ್ಡ ಮೆರವಣಿಗೆಯು ಫ್ರೀಡಂ ಪಾರ್ಕಿಗೆ ಹೋಯಿತು. ಪುಸ್ತಕಗಳಾದರೋ ಆ ವೇಳೆಗೆ ಬಹುಮಟ್ಟಿಗೆ ಅಚ್ಚಾಗಿದ್ದುವು. ಸರ್ಕಾರವು ಕೆಲವು ತಿದ್ದುಪಡಿಗಳನ್ನು ಒಪ್ಪಿಕೊಂಡಿತು.

ಅನುಮತಿಯನ್ನು ಹಿಂದಕ್ಕೆ ಪಡೆದ ಲೇಖಕರ ಪಾಠಗಳನ್ನು ಬೋಧಿಸತಕ್ಕದ್ದಲ್ಲವೆಂದೂ ಪರೀಕ್ಷೆಗೆ ಪರಿಗಣಿಸತಕ್ಕದ್ದಲ್ಲವೆಂದೂ ಅದೇ ವರ್ಷ ಇಲಾಖೆಯಿಂದ ಸೂಚನೆ ಬಂದಿತು. ಮುಂದಿನ ವರ್ಷ ಸರ್ಕಾರವು ಬದಲಾಗಿ, 2023ರ ಜೂನ್ 15ರಂದು ಸಿದ್ದರಾಮಯ್ಯನವರ ಮಂತ್ರಿಮಂಡಲವು ಹೆಡಗೇವಾರ್, 
ಸೂಲಿಬೆಲೆ ಮೊದಲಾದವರ ಪಾಠಗಳನ್ನು ತೆಗೆಯಲೂ, ಸಾವಿತ್ರಿಬಾಯಿ ಫುಲೆಯವರನ್ನು ಕುರಿತ ಪಾಠ, ನೆಹರೂ ಮಗಳಿಗೆ ಬರೆದ ಪತ್ರ, ಅಂಬೇಡ್ಕರರನ್ನು ಕುರಿತ ಚೆನ್ನಣ್ಣ ವಾಲೀಕಾರರ ‘ನೀ ಹೋದ ಮರುದಿನ’ ಕವಿತೆ ಇವನ್ನು ಮರಳಿ ಸೇರಿಸಲೂ ತೀರ್ಮಾನಿಸಿತು. ಆಗಲೂ ಪುಸ್ತಕಗಳು ಶಾಲೆಗಳನ್ನು ಮುಟ್ಟಿಯಾಗಿದ್ದುವು. ಸೇರಿಸಿದ ಪಾಠಗಳನ್ನು ಬೇರೆಯಾಗಿ ಒಂದು ಚಿಕ್ಕ ಪುರವಣಿಯಲ್ಲಿ ಅಚ್ಚುಮಾಡಿ ಹಂಚಲು ಏರ್ಪಾಡಾಯಿತು. ಹೀಗೆ ಒಂದರ ಹಿಂದೆ ಒಂದರಂತೆ ಎರಡು ವರ್ಷ, ವಿದ್ಯಾರ್ಥಿಯ ಕೈಯಲ್ಲಿದ್ದ ಪುಸ್ತಕದಲ್ಲಿ ಓದಬೇಡವೆಂದ ಪಾಠಗಳು ಅಚ್ಚಾಗಿಯೇ ಇದ್ದುವು. ಮೇಷ್ಟರು ಆ ಪುಟಗಳನ್ನು ಮಗುಚಿ ಮುಂದಿನ ಪಾಠಕ್ಕೆ ಹೋಗುತ್ತಿದ್ದರು.